ಹುಟ್ಟುಹಬ್ಬದ ಊಟ, 90 ಡಾಲರ್ ಬಾಡಿಗೆ ಮನೆ ಮತ್ತು ಮಲೆನಾಡಿನ ತಬ್ಬಲಿ ಮಕ್ಕಳು

ಶಿವಮೊಗ್ಗದಲ್ಲಿ ಮಗನ ಹುಟ್ಟುಹಬ್ಬಕ್ಕೋ ಅಪ್ಪನ ತಿಥಿಗೋ ಅನಾಥಾಶ್ರಮದ ಮಕ್ಕಳಿಗೆ ಒಂದು ಹೊತ್ತಿನ ಊಟ ಹಾಕಿಸುವುದು ಈಚೆಗೆ ವಾಡಿಕೆಯಾಗಿದೆ. ಒಳ್ಳೆಯ ವಾಡಿಕೆಯೇ. ಕಲ್ಯಾಣ ಮಂಟಪದಲ್ಲಿ ಐನೂರು ಜನರನ್ನು ಕರೆದು ಅರ್ಧ ಅನ್ನ ಚೆಲ್ಲುವುದಕ್ಕಿಂತ ವಾಸಿ. ಆದರೂ ಆ ಊಟದ ಹೊತ್ತನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಕ್ಕಳು ಕೈಕಾಲು ತೊಳೆದುಕೊಂಡು ಸಾಲಾಗಿ ಕೂತಿರುತ್ತಾರೆ. ತಟ್ಟೆಗೆ ಪಲ್ಯ ಬಿದ್ದಿದೆ, ಕೋಸಂಬರಿ ಬಿದ್ದಿದೆ, ಹೋಳಿಗೆಯೂ ಬಿದ್ದಿದೆ, ಮುಟ್ಟುವಂತಿಲ್ಲ. ದಾನಿಗಳ ಕಾರು ಇನ್ನೂ ಬಂದಿಲ್ಲ. ಬಂದ ಮೇಲೆ ಕೇಕ್ ಕತ್ತರಿಸಬೇಕು, ಹೆಸರೂ ಗೊತ್ತಿಲ್ಲದ ಹುಡುಗನಿಗೆ ಇವರೆಲ್ಲ ಎದ್ದು ನಿಂತು ಹಾಡಬೇಕು, ಚಪ್ಪಾಳೆ ತಟ್ಟಬೇಕು, ಬಡಿಸುವ ಸೌಟು ಹಿಡಿದ ಯಜಮಾನರ ಪಕ್ಕದಲ್ಲಿ ಮುಖ ಕಾಣುವ ಹಾಗೆ ಕೂರಬೇಕು. ತಣ್ಣಗಾದ ಸಾರಿನ ಊಟ ಮುಗಿಯುವ ಹೊತ್ತಿಗೆ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಏರಿರುತ್ತದೆ.

ಹಾಗೆ ಫೋಟೊ ಏರಿಸುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಗುರುತು ಸಿಗುವಂತೆ ಬಹಿರಂಗಪಡಿಸಬಾರದು. ಶಿಕ್ಷೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸ್ಟೇಟಸ್ ಹಾಕಿದ್ದಕ್ಕೆ ಯಾರಾದರೂ ಜೈಲಿಗೆ ಹೋಗಲಿ ಎಂಬ ಆಸೆ ನನಗಿಲ್ಲ. ನನ್ನ ತಕರಾರು ಬೇರೆ. ಬಡಿಸುವವರು ಕೇಳದೇ ಹೋಗುವ ಒಂದು ಪ್ರಶ್ನೆ ಅಲ್ಲಿ ಪ್ರತಿ ತಟ್ಟೆಯ ಮುಂದೆಯೂ ಕೂತಿದೆ: ಈ ಮಗು ಇಲ್ಲಿಗೆ ಏಕೆ ಬಂತು, ಇದನ್ನು ಮರಳಿ ಒಂದು ಮನೆಗೆ ಸೇರಿಸಲು ಏನು ಬೇಕು? ನಮ್ಮ ದಾನವೆಲ್ಲ ಕಟ್ಟಡಕ್ಕೂ ಅಕ್ಕಿ ಮೂಟೆಗೂ ಹೋಗುತ್ತಿದೆ; ಮಗುವನ್ನು ಮನೆಯಲ್ಲೇ ಉಳಿಸಬಲ್ಲ ದುಡ್ಡು, ಕಾಗದ, ಓಡಾಟ ಇವಕ್ಕೆ ದಾನಿಗಳೇ ಇಲ್ಲ.

ಈ ಮಾತಿಗೆ ನಾನು ಸಾಕ್ಷಿಗೆ ಕರೆಯುವುದು ದೂರದ ಒಬ್ಬ ಕ್ಯಾಥೊಲಿಕ್ ಪಾದ್ರಿಯನ್ನು. ಮನೆಯಿಲ್ಲದ ಮಕ್ಕಳಿಗಾಗಿ ಬದುಕು ಸವೆಸಿದ ಎಡ್ವರ್ಡ್ ಫ್ಲಾನಗನ್. ಅವರ ಬದುಕು, ಅವರು ತೀರಿಕೊಂಡ ಮೇಲೆ ಅವರ ಸಂಸ್ಥೆಗೆ ಆದದ್ದು, ಎರಡನ್ನೂ ಒಟ್ಟಿಗೆ ಓದಿದರೆ ಇವತ್ತು ದಿಕ್ಕಿಲ್ಲದ ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ನಮ್ಮ ಮಕ್ಕಳ ಕಲ್ಯಾಣ ಸಮಿತಿಗಳ ಮುಂದೆ ಇರುವ ಜಗಳಗಳೆಲ್ಲ ಅಲ್ಲಿ ಆಗಲೇ ನಡೆದುಹೋಗಿವೆ.

ಫ್ಲಾನಗನ್ 1886ರಲ್ಲಿ ಐರ್ಲೆಂಡಿನ ಬ್ಯಾಲಿಮೋ ಎಂಬ ಊರಿನ ಬಳಿ ಹುಟ್ಟಿದರು. 1904ರಲ್ಲಿ ಅಮೆರಿಕಕ್ಕೆ ಹೋದರು, ಆರೋಗ್ಯ ಕೈಕೊಟ್ಟು ಓದು ಎರಡು ಮೂರು ಕಡೆ ಹರಿದುಹಂಚಿ ಕೊನೆಗೆ 1912ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಗುರುದೀಕ್ಷೆ ಪಡೆದರು. ನೆಬ್ರಾಸ್ಕಾ ರಾಜ್ಯದ ಓಮಾಹಾ ನಗರದಲ್ಲಿ ಅವರು ಮೊದಲು ಕೈಹಾಕಿದ್ದು ಮಕ್ಕಳ ಕೆಲಸಕ್ಕಲ್ಲ. ಸುಗ್ಗಿ ಮುಗಿದ ಮೇಲೆ ಕೂಲಿಯಿಲ್ಲದೆ ನಗರಕ್ಕೆ ಬಂದು ಬೀಳುತ್ತಿದ್ದ ಗಂಡಸರಿಗೆ ಒಂದು ತಂಗುಮನೆ ನಡೆಸುತ್ತಿದ್ದರು. ಕುಡಿತ, ಜಗಳ, ಅಲೆದಾಟ. ಅವರ ಹಿಂದಿನ ಕತೆ ಕೇಳುತ್ತಾ ಹೋದಂತೆ ಹೆಚ್ಚಿನವರದ್ದು ಹುಡುಗರಾಗಿದ್ದಾಗಲೇ ಬೀದಿಗೆ ಬಿದ್ದ ಬದುಕು ಎಂಬುದು ಅವರಿಗೆ ಕಾಣತೊಡಗಿತು. 1917ರ ಡಿಸೆಂಬರ್ 12ರಂದು, ಸಾಲ ತಂದ 90 ಡಾಲರಿನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು ಐದು ಹುಡುಗರೊಂದಿಗೆ ಅವರು ಹೊಸ ಕೆಲಸ ಶುರುಮಾಡಿದರು. ಬಾಲಾಪರಾಧಿ ನ್ಯಾಯಾಲಯಕ್ಕೆ ಹೋಗಿ, ಸುಧಾರಣಾ ಶಾಲೆಗೆ ಕಳಿಸಬೇಕಿದ್ದ ಹುಡುಗರನ್ನು ತಮಗೆ ಒಪ್ಪಿಸಿ ಎಂದು ನ್ಯಾಯಾಧೀಶರನ್ನು ಕೇಳುತ್ತಿದ್ದರು.

1921ರಲ್ಲಿ ನಗರದ ಪಶ್ಚಿಮಕ್ಕೆ ಹತ್ತು ಮೈಲಿ ದೂರದ ಒಂದು ತೋಟ ಕೊಂಡರು. ಅದೇ ಮುಂದೆ ಬಾಯ್ಸ್ ಟೌನ್ ಆಯಿತು, 1936ರಲ್ಲಿ ಸ್ವತಂತ್ರ ಊರೆಂದು ಅಧಿಕೃತ ಮಾನ್ಯತೆಯೂ ಸಿಕ್ಕಿತು. ಅಲ್ಲಿ ಸುತ್ತ ಬೇಲಿ ಇರಲಿಲ್ಲ. ಊರಿನ ಮೇಯರ್ ಯಾರೆಂದು ಹುಡುಗರೇ ಮತ ಹಾಕಿ ಆರಿಸುತ್ತಿದ್ದರು. ಕರಿಯರು ಬಿಳಿಯರು ಒಂದೇ ಊಟದ ಮೇಜಿನಲ್ಲಿ ಕೂರುವುದು ಅಮೆರಿಕದ ಬಹುಪಾಲು ಊರುಗಳಲ್ಲಿ ನಡೆಯದ ಮಾತಾಗಿದ್ದ ಕಾಲದಲ್ಲಿ ಇಲ್ಲಿ ಅದು ದಿನದ ಸಂಗತಿ. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್, ಯಹೂದಿ ಎಲ್ಲ ಮನೆತನದ ಹುಡುಗರಿದ್ದರು. ಪ್ರಾರ್ಥನೆ ಕಲಿಯಬೇಕು, ಹೇಗೆ ಪ್ರಾರ್ಥಿಸುವುದು ಎಂಬುದು ಹುಡುಗನಿಗೆ ಬಿಟ್ಟದ್ದು ಎನ್ನುವುದು ಅವರ ನಿಲುವು. ಹಾಲಿವುಡ್ 1938ರಲ್ಲಿ ಈ ಕತೆಯನ್ನು ಸಿನಿಮಾ ಮಾಡಿತು, ಪಾದ್ರಿಯ ಪಾತ್ರ ಮಾಡಿದ ನಟನಿಗೆ ಆಸ್ಕರ್ ಬಂತು, ಫ್ಲಾನಗನ್ ಜಗತ್ತಿಗೆಲ್ಲ ಪರಿಚಯವಾದರು.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಪುಣ್ಯಪುರುಷನ ಚರಿತ್ರೆ, ಅಷ್ಟೇ. ನನಗೆ ಅವರು ದೊಡ್ಡವರಾಗಿ ಕಾಣುವುದು 1946ರಲ್ಲಿ. ಆ ವರ್ಷ ಅವರು ಹುಟ್ಟಿದ ನಾಡಿಗೆ ಬಂದರು. ಖ್ಯಾತರಾದ ಮಗ ಊರಿಗೆ ಬಂದಿದ್ದಾನೆ, ಸಭೆ, ಸನ್ಮಾನ, ಜನಜಂಗುಳಿ. ಹಾರ ಹಾಕಿಸಿಕೊಂಡು, ಇಲ್ಲಿಯ ಧಾರ್ಮಿಕ ಸಂಸ್ಥೆಗಳು ಮಾಡುತ್ತಿರುವ ಸೇವೆ ಅಪಾರ ಎಂದು ಎರಡು ಮಾತು ಹೇಳಿ ಹೋಗಬಹುದಿತ್ತು. ಐರ್ಲೆಂಡಿನಲ್ಲಿ ಬಡ ಮಕ್ಕಳನ್ನು ನ್ಯಾಯಾಲಯದ ಆದೇಶದ ಮೇಲೆ ಔದ್ಯೋಗಿಕ ಶಾಲೆಗಳೆಂಬ ವಸತಿಗಳಿಗೆ ತಳ್ಳುವ ಪದ್ಧತಿ ಇತ್ತು. ಹೆಚ್ಚಿನವನ್ನು ನಡೆಸುತ್ತಿದ್ದವರು ಅವರದೇ ಚರ್ಚಿನ ಗುರುಗಳು, ಸಹೋದರರು, ಸನ್ಯಾಸಿನಿಯರು. ಫ್ಲಾನಗನ್ ಇವು ಶಿಕ್ಷೆಯ ಕೊಂಪೆಗಳು, ದೇಶಕ್ಕೇ ನಾಚಿಕೆಗೇಡು ಎಂದು ಬಹಿರಂಗ ಸಭೆಯಲ್ಲಿ ಹೇಳಿದರು. ನಿಮ್ಮ ಮಕ್ಕಳನ್ನು ಅಲ್ಲಿಗೆ ಹೋಗಗೊಟ್ಟವರು ನೀವೇ, ತಡೆಯಬೇಕಾದವರೂ ನೀವೇ ಎಂದು ಕೇಳಲು ಬಂದ ಜನರ ಮುಖಕ್ಕೇ ಅಂದರು. ಓಡಿಹೋಗಿ ಸಿಕ್ಕಿಬಿದ್ದ ಒಬ್ಬ ಹುಡುಗನನ್ನು ಅಂಥ ಒಂದು ಶಾಲೆಯಲ್ಲಿ ಚಾಟಿಯಿಂದ ಹೊಡೆದ ಪ್ರಕರಣದ ಕಾಗದಗಳನ್ನು ತರಿಸಿಕೊಂಡರು.

ಆಗಿನ ನ್ಯಾಯ ಖಾತೆಯ ಸಚಿವ ಜೆರಾಲ್ಡ್ ಬೋಲಂಡ್ ಸಂಸತ್ತಿನಲ್ಲಿ, ಇವರ ಮಾತು ಅತಿಶಯೋಕ್ತಿ, ಗಮನಿಸುವ ಅಗತ್ಯವೇ ಇಲ್ಲ ಎಂದುಬಿಟ್ಟರು. ಪತ್ರಿಕೆಗಳೂ ಹೊರಗಿನಿಂದ ಬಂದವನ ದರ್ಪ ಎಂಬ ಧಾಟಿ ಹಿಡಿದವು. ಮತ್ತೆ ಬಂದು ಹೋರಾಡಬೇಕೆಂದಿದ್ದ ಫ್ಲಾನಗನ್ 1948ರ ಮೇ 15ರಂದು ಬರ್ಲಿನ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಯುದ್ಧದಲ್ಲಿ ತಬ್ಬಲಿಗಳಾದ ಮಕ್ಕಳ ಸ್ಥಿತಿ ನೋಡಲು ಅಮೆರಿಕ ಸರ್ಕಾರ ಅವರನ್ನು ಅಲ್ಲಿಗೆ ಕಳಿಸಿತ್ತು. ಆ ಶಾಲೆಗಳ ಬಗ್ಗೆ ಐರ್ಲೆಂಡಿನ ವಿಚಾರಣಾ ಆಯೋಗದ ವರದಿ ಹೊರಬಂದದ್ದು 2009ರ ಮೇ ತಿಂಗಳಲ್ಲಿ. ಐದು ಸಂಪುಟ. ಹೊಡೆತ ಅಲ್ಲಿಯ ದಿನಚರಿಯಾಗಿತ್ತು, ಹುಡುಗರ ಶಾಲೆಗಳಲ್ಲಿ ಲೈಂಗಿಕ ದೌರ್ಜನ್ಯ ಬೇರುಬಿಟ್ಟಿತ್ತು, ಸರ್ಕಾರದ ಪರಿಶೀಲಕರು ಕಣ್ಣು ಮುಚ್ಚಿಕೊಂಡಿದ್ದರು ಎಂದು ಅದು ದಾಖಲಿಸಿತು. ನಡುವೆ ಅರವತ್ತಮೂರು ವರ್ಷ ಕಳೆದಿತ್ತು. ಆಗಿನ ಹುಡುಗರು ಅಜ್ಜಂದಿರಾಗಿದ್ದರು, ಅನೇಕರು ಸತ್ತೂ ಹೋಗಿದ್ದರು.

ಸ್ವಂತ ಪಂಗಡದ ಸಂಸ್ಥೆಗಳ ಮೇಲೆ ಹೀಗೆ ಬಾಯಿ ಬಿಚ್ಚುವ ಧೈರ್ಯ ನಮ್ಮಲ್ಲಿ ಎಷ್ಟು ಮಠಗಳ, ಚರ್ಚುಗಳ, ಟ್ರಸ್ಟುಗಳ ಹಿರಿಯರಿಗಿದೆ ಎಂದು ಓದುಗರೇ ಲೆಕ್ಕ ಹಾಕಿಕೊಳ್ಳಲಿ.

ಕತೆಯ ಎರಡನೇ ಭಾಗ ಅವರು ಸತ್ತ ಮೇಲಿನದು. ಬಾಯ್ಸ್ ಟೌನ್ ಬೆಳೆಯಿತು, ಅದಕ್ಕಿಂತ ಬೇಗ ಅದರ ಖಜಾನೆ ಬೆಳೆಯಿತು. ವರ್ಷ ವರ್ಷ ದೇಶದ ಮೂಲೆ ಮೂಲೆಗೆ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಸಹಾಯ ಯಾಚಿಸುವ ಪತ್ರಗಳು ಹೋಗುತ್ತಿದ್ದವು, ಪುಡಿಗಾಸಿನ ದಾನ ಹರಿದುಬರುತ್ತಿತ್ತು. 1972ರಲ್ಲಿ ಓಮಾಹಾದ ಒಂದು ಸಣ್ಣ ವಾರಪತ್ರಿಕೆ ಸಂಸ್ಥೆ, ಆಗ ಅದರ ಮಾಲೀಕ ವಾರನ್ ಬಫೆಟ್, ಈ ಸಂಸ್ಥೆ ತೆರಿಗೆ ಇಲಾಖೆಗೆ ಸಲ್ಲಿಸಿದ್ದ ಲೆಕ್ಕಪತ್ರ ತರಿಸಿ ನೋಡಿತು. ಏಳುನೂರಕ್ಕೂ ಕಡಿಮೆ ಹುಡುಗರಿದ್ದ ಜಾಗದ ಆಸ್ತಿ 20 ಕೋಟಿ 90 ಲಕ್ಷ ಡಾಲರ್. ಅಷ್ಟಿದ್ದೂ ಬಡತನದ ಪತ್ರ ಬರೆಯುವುದು ನಿಂತಿರಲಿಲ್ಲ. ಯಾರೂ ಕದ್ದಿರಲಿಲ್ಲ, ದುಡ್ಡು ಬ್ಯಾಂಕಿನಲ್ಲಿ ಭದ್ರವಾಗಿತ್ತು, ಮಕ್ಕಳ ಬದುಕಿಗೆ ಬರುತ್ತಿರಲಿಲ್ಲ. ಮರುವರ್ಷ ಆ ವರದಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ನನಗೆ ಮುಖ್ಯವಾಗಿ ಕಾಣುವುದು ಅದರ ಪರಿಣಾಮ. ಆಡಳಿತ ಬದಲಾಯಿತು. ಎಪ್ಪತ್ತರ ದಶಕದ ನಡುವೆ ಸಾಲು ಮಂಚಗಳ ದೊಡ್ಡ ಹಾಲ್‌ಗಳು ಹೋದವು. ಗಂಡಹೆಂಡತಿ ಇರುವ ಮನೆಯಲ್ಲಿ ಎಂಟು ಹತ್ತು ಮಕ್ಕಳು ಅವರೊಂದಿಗೇ ಅಡುಗೆ, ಊಟ, ಓದು ಮಾಡಿಕೊಂಡಿರುವ ಪದ್ಧತಿ ಬಂತು. 1979ರಲ್ಲಿ ಹುಡುಗಿಯರನ್ನೂ ಸೇರಿಸಿಕೊಂಡರು. ಈ ಬದಲಾವಣೆಗೆ ದಾರಿ ಮಾಡಿದ್ದು ಫ್ಲಾನಗನ್ನರ ಮೇಲಿನ ಭಕ್ತಿಗಿಂತ ಒಂದು ಪತ್ರಿಕೆ ಲೆಕ್ಕ ಕೇಳಿದ್ದು ಎಂದೇ ನನ್ನ ತಿಳಿವಳಿಕೆ.

ಇನ್ನು ನಮ್ಮ ಕಡೆಗೆ ಬರೋಣ. ಮಗುವಿಗೆ ಸಂಸ್ಥೆ ಕೊನೆಯ ಆಯ್ಕೆ, ಕುಟುಂಬ ಮೊದಲ ಆಯ್ಕೆ ಎಂಬುದು ಈಗ ನಮ್ಮ ಕಾನೂನೇ ಹೇಳುವ ಮಾತು. ಬಾಲನ್ಯಾಯ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಯಾವುದೇ ಮಕ್ಕಳ ಮನೆಯ ಪ್ರಧಾನ ಉದ್ದೇಶ ಮಗುವನ್ನು ಅದರ ಕುಟುಂಬಕ್ಕೆ ಮರಳಿ ಸೇರಿಸುವುದು ಮತ್ತು ಅದರ ರಕ್ಷಣೆ. ಇದರ ಹಿಂದೆ ಭಾವುಕತೆಯೊಂದೇ ಇಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯದ 136 ಎಳೆಯ ಮಕ್ಕಳನ್ನು ಎರಡು ಗುಂಪು ಮಾಡಿ ಒಂದು ಗುಂಪನ್ನು ಸಾಕು ಕುಟುಂಬಗಳಿಗೆ ಕೊಟ್ಟು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನವಿದೆ. 2007ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿ ಬೆಳವಣಿಗೆ ಸಂಸ್ಥೆಯಲ್ಲೇ ಉಳಿದವರಿಗಿಂತ ಸ್ಪಷ್ಟವಾಗಿ ಮೇಲಿತ್ತು. ಎರಡು ವರ್ಷದೊಳಗೆ ಹೋದವರಲ್ಲಿ ಲಾಭ ಇನ್ನೂ ಹೆಚ್ಚು. ಊಟ ಬಟ್ಟೆಯ ಕೊರತೆಗಿಂತ, ತನ್ನದೆನ್ನುವ ಒಬ್ಬ ದೊಡ್ಡವರಿಲ್ಲದ ಕೊರತೆ ಮಗುವನ್ನು ಹೆಚ್ಚು ಕುಗ್ಗಿಸುತ್ತದೆ.

ನಮ್ಮ ದೇಶದಲ್ಲಿ ಇಂಥ ಸಂಸ್ಥೆಗಳು ಎಷ್ಟಿವೆ ಎಂಬ ಲೆಕ್ಕ ಸಿಕ್ಕಿದ್ದೇ ಈಚೆಗೆ. ಕೇಂದ್ರ ಸರ್ಕಾರ ಮಾಡಿಸಿ 2018ರಲ್ಲಿ ಹೊರಬಂದ ಎಣಿಕೆಯಲ್ಲಿ ಒಂಬತ್ತೂವರೆ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು, ಮೂರು ಲಕ್ಷ ಎಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಮಕ್ಕಳು ಇದ್ದರು. ಆ ಎಣಿಕೆ ನಡೆಯುವಾಗ ಬಾಲನ್ಯಾಯ ಕಾಯ್ದೆಯಡಿ ನೋಂದಣಿಯಾಗಿದ್ದದ್ದು ಸುಮಾರು ಮೂರರಲ್ಲೊಂದು ಪಾಲು. ತಮಿಳುನಾಡಿನ ಅನಾಥಾಲಯಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಮೇ ತಿಂಗಳಲ್ಲಿ ಎಲ್ಲವನ್ನೂ ನೋಂದಾಯಿಸಿ ಎಂದು ಆದೇಶಿಸಿತ್ತು. ಮರುವರ್ಷವೇ ಬಿಹಾರದ ಮುಜಫ್ಫರ್‌ಪುರದ ಆಶ್ರಯಧಾಮದಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಘೋರ ಕತೆ ಹೊರಬಂತು. ಸರ್ಕಾರದ ದುಡ್ಡಿನಲ್ಲೇ ನಡೆಯುತ್ತಿದ್ದ ಜಾಗ ಅದು.

2020ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇನ್ನೊಂದು ತುದಿಗೆ ಜಿಗಿಯಿತು. ಕರ್ನಾಟಕವೂ ಸೇರಿದಂತೆ ಎಂಟು ರಾಜ್ಯಗಳ ಜಿಲ್ಲಾಧಿಕಾರಿಗಳಿಗೆ, ಸಂಸ್ಥೆಗಳಲ್ಲಿರುವ ಮಕ್ಕಳನ್ನು ನೂರು ದಿನದೊಳಗೆ ಮನೆಗಳಿಗೆ ಮರಳಿಸಿ ಎಂದು ಬರೆಯಿತು. ಕೊರೊನಾ ಕಾಲ, ಕೂಲಿಯಿಲ್ಲದ ಮನೆಗಳು. ಮನೆಯ ಬಡತನ ಹಾಗೇ ಇರುವಾಗ ಮಗುವನ್ನು ವಾಪಸು ಬಸ್ಸು ಹತ್ತಿಸಿದರೆ ಅದು ಹೋಗುವುದು ಕೂಲಿಗೆ, ಹೆಣ್ಣು ಮಗುವಾದರೆ ಮದುವೆಗೆ. ಆ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮನೆಗೆ ಕಳಿಸಿದ ಪ್ರತಿ ಮಗುವಿನ ಓದಿಗೆ ತಿಂಗಳಿಗೆ 2,000 ರೂಪಾಯಿ ಕೊಡಿ ಎಂದು ರಾಜ್ಯಗಳಿಗೆ ಹೇಳಬೇಕಾಯಿತು. ಸಂಸ್ಥೆ ಬೇಡ ಎನ್ನುವುದು ಸುಲಭ. ಮನೆಯನ್ನು ಮನೆಯಾಗಿ ಉಳಿಸುವ ಖರ್ಚು ಯಾರದ್ದು ಎಂಬಲ್ಲಿ ಎಲ್ಲರೂ ಮುಖ ತಿರುಗಿಸುತ್ತಾರೆ.

ಆ ಖರ್ಚಿಗೆ ಈಗ ಒಂದು ಯೋಜನೆಯಿದೆ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವ ಎಂಬ ಹೆಸರಿನಲ್ಲಿ ತಿಂಗಳಿಗೆ 4,000 ರೂಪಾಯಿ. ತಂದೆ ಇಲ್ಲದ, ವಿಧವೆ ಅಥವಾ ಗಂಡ ಬಿಟ್ಟ ತಾಯಿಯೊಂದಿಗಿರುವ, ಅಜ್ಜಅಜ್ಜಿ ಸೋದರಮಾವಂದಿರ ಆಸರೆಯಲ್ಲಿರುವ, ಹೆತ್ತವರು ಮಾರಕ ಕಾಯಿಲೆಗೆ ಬಿದ್ದ ಮಕ್ಕಳಿಗೆ ಇದು ಸಲ್ಲಬೇಕು. ಮಲೆನಾಡಿಗೆ ಹೇಳಿ ಮಾಡಿಸಿದಂಥ ಯೋಜನೆ. ಆದರೆ ಅದರ ಆದಾಯ ಮಿತಿ ನೋಡಿ: ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಬಾರದು, ಪಟ್ಟಣದಲ್ಲಿ 96,000. ಕರ್ನಾಟಕದಲ್ಲಿ 2025–26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಸರ್ಕಾರವೇ ಗೊತ್ತು ಮಾಡಿದ ಕನಿಷ್ಠ ಲೆಕ್ಕದಲ್ಲಿ ಮನೆಯ ಒಬ್ಬರು ವರ್ಷಕ್ಕೆ 195 ದಿನ ದುಡಿದರೆ ಸಾಕು, ಆ ಮಗು ಬಡ ಮಗುವಲ್ಲ. ಮಿಕ್ಕ 170 ದಿನ ಮಳೆ ನೋಡುತ್ತಾ ಮನೆಯಲ್ಲಿ ಕೂರಬೇಕು.

ಹೊಸನಗರದ ಕಡೆಯ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ಮಗ ತೀರಿಕೊಂಡಿದ್ದಾನೆ, ಸೊಸೆ ಬೇರೆ ಮದುವೆಯಾಗಿ ಹೋಗಿದ್ದಾಳೆ, ಎರಡು ಮೊಮ್ಮಕ್ಕಳು ಅಜ್ಜಿಯ ಪಾಲಿಗೆ. ಅರ್ಜಿಗೆ ಮಗನ ಮರಣ ಪ್ರಮಾಣಪತ್ರ ಬೇಕು. ಅವನು ಸತ್ತದ್ದು ಬೇರೆ ಜಿಲ್ಲೆಯ ಆಸ್ಪತ್ರೆಯಲ್ಲಿ, ನೋಂದಣಿ ಅಲ್ಲಿ. ಮಕ್ಕಳ ಆಧಾರ್‌ನಲ್ಲಿ ತಾಯಿಯ ಊರಿನ ವಿಳಾಸ. ಬ್ಯಾಂಕಿನಲ್ಲಿ ಮಗುವಿನ ಹೆಸರು ಸೇರಿಸಿ ಖಾತೆ ತೆರೆಯಬೇಕು. ಶಾಲೆಯಿಂದ ವ್ಯಾಸಂಗ ಪತ್ರ ತರಬೇಕು. ನಾಡಕಚೇರಿಗೆ ಹೋದರೆ ಆದಾಯ ಪ್ರಮಾಣಪತ್ರಕ್ಕೆ ಪಹಣಿ ಕೇಳುತ್ತಾರೆ. ಪಹಣಿಯಲ್ಲಿ ಅಜ್ಜನ ಕಾಲದ ಒಂದೆರಡು ಎಕರೆ ತೋಟ ಇಂದಿಗೂ ನಾಲ್ಕು ಜನ ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿದೆ. ಪಾಲು ಆಗಿಲ್ಲ, ಫಸಲು ಅಜ್ಜಿಗೆ ಬರುವುದಿಲ್ಲ, ಕಾಗದದಲ್ಲಿ ಮಾತ್ರ ಆಕೆ ಅಡಿಕೆ ಬೆಳೆಗಾರ್ತಿ. ಇಷ್ಟಕ್ಕೂ ಅರ್ಜಿ ಹೋಗಬೇಕಾದ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇರುವುದು ಶಿವಮೊಗ್ಗದಲ್ಲಿ. ಮಳೆಗಾಲದಲ್ಲಿ ಒಂದು ಓಡಾಟ ಎಂದರೆ ಒಂದು ಇಡೀ ದಿನ, ಒಂದು ದಿನದ ಕೂಲಿ. ಮೂರನೇ ಸಲ 'ನಾಳೆ ಬನ್ನಿ ಅಜ್ಜಿ' ಎಂದ ಮೇಲೆ ಅಜ್ಜಿ ಹೋಗುವುದಿಲ್ಲ. ಅಷ್ಟರಲ್ಲಿ ಯಾರೋ ಪರಿಚಯದವರು, ಪಟ್ಟಣದಲ್ಲಿ ಒಂದು ಆಶ್ರಮವಿದೆ, ಊಟ ಓದು ಎಲ್ಲ ಬಿಟ್ಟಿ, ಬಿಟ್ಟುಬಿಡಿ ಎನ್ನುತ್ತಾರೆ. ಮಕ್ಕಳು ಅನಾಥರಾಗುವುದು ಹೀಗೆ. ಪ್ರಪಂಚದ ಎಲ್ಲೆಡೆಯೂ ಅನಾಥಾಲಯಗಳಲ್ಲಿರುವ ಬಹುತೇಕ ಮಕ್ಕಳಿಗೆ ತಾಯಿತಂದೆಯರಲ್ಲಿ ಒಬ್ಬರಾದರೂ ಇರುತ್ತಾರೆ. ಅವರನ್ನು ಅಲ್ಲಿಗೆ ತಂದದ್ದು ಬಡತನ.

ಹಾಗೆ ನೇರವಾಗಿ ಬಿಟ್ಟು ಬರುವುದೂ ತಪ್ಪೇ. ಮಗುವನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಆ ಸಮಿತಿ ಮನೆಯ ಸ್ಥಿತಿ ತನಿಖೆ ಮಾಡಿಸಿ, ಮಗು ಎಲ್ಲಿರಬೇಕೆಂದು ಆದೇಶ ಮಾಡಬೇಕು. ನೋಂದಣಿಯಿಲ್ಲದೆ ಮಕ್ಕಳನ್ನು ಇಟ್ಟುಕೊಂಡರೆ ಒಂದು ವರ್ಷದವರೆಗೆ ಜೈಲು ಅಥವಾ ಕನಿಷ್ಠ 1 ಲಕ್ಷ ರೂಪಾಯಿ ದಂಡ. ಮೂರು ತಿಂಗಳಿಗೊಮ್ಮೆ ತಪಾಸಣಾ ಸಮಿತಿ ಬರಬೇಕು, ಅದರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಬೇಕು. ಮಲಗುವ ಕೋಣೆಯಲ್ಲಿ ತಲಾ 40 ಚದರ ಅಡಿ ಜಾಗ, ಮಕ್ಕಳದೇ ಒಂದು ಸಮಿತಿ, ದೂರು ಹಾಕಲು ಒಂದು ಪೆಟ್ಟಿಗೆ. ಹುಟ್ಟುಹಬ್ಬದ ಊಟ ಹಾಕಿಸಲು ಹೋದವರು ಪಾಯಸದ ಪಾತ್ರೆ ಇಳಿಸುವ ಮುಂಚೆ ಆ ನೋಂದಣಿ ಪತ್ರ ತೋರಿಸಿ ಎಂದು ಕೇಳಬಹುದು. ಎಷ್ಟು ಮಕ್ಕಳು ಕಳೆದ ವರ್ಷ ಮನೆಗೆ ಮರಳಿದರು ಎಂದೂ ಕೇಳಬಹುದು. ಉತ್ತರ ಸೊನ್ನೆಯಾದರೆ ಆ ಸಂಸ್ಥೆ ತನ್ನ ಪ್ರಧಾನ ಉದ್ದೇಶದಲ್ಲೇ ಸೋತಿದೆ, ಎಷ್ಟೇ ಚೊಕ್ಕಟವಾಗಿರಲಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಓದಿಗಾಗಿ ನಡೆಯುವ ಉಚಿತ ವಿದ್ಯಾರ್ಥಿನಿಲಯ ಬೇರೆ, ದಿಕ್ಕಿಲ್ಲದ ಮಗುವಿಗೆ ಮನೆಯ ಬದಲು ನಿಲ್ಲುವ ಸಂಸ್ಥೆ ಬೇರೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಅನ್ನ, ಅಕ್ಷರ, ಆಶ್ರಯದ ದಾಸೋಹದಲ್ಲಿ ಓದಿ ಮೇಲೆ ಬಂದವರು ಕರ್ನಾಟಕದ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಬೇಸಿಗೆ ರಜೆಗೆ, ದೀಪಾವಳಿಗೆ ಊರಿಗೆ ಹೋಗುತ್ತಿದ್ದವರು. ಊರಲ್ಲಿ ಅವರಿಗಾಗಿ ಕಾಯುವವರಿದ್ದರು. ಮಲೆನಾಡಿನಲ್ಲೂ ಮೈಲಿಗಟ್ಟಲೆ ಕಾಡುದಾರಿಯ ಒಂಟಿಮನೆಗಳ ಮಕ್ಕಳು ಹಾಸ್ಟೆಲ್ ಇಲ್ಲದಿದ್ದರೆ ಹೈಸ್ಕೂಲು ಕಾಣುತ್ತಿರಲಿಲ್ಲ. ನನ್ನ ಮಾತು ರಜೆ ಬಂದರೂ ಹಾಸ್ಟೆಲಿನಲ್ಲೇ ಉಳಿಯುವ ಮಕ್ಕಳ ಬಗ್ಗೆ.

ಇನ್ನೊಂದು ಸೂಕ್ಷ್ಮವಿದೆ, ಹೇಳದೆ ಬಿಡುವುದು ಹೇಡಿತನವಾದೀತು. ಶಿವಮೊಗ್ಗ ಕ್ಯಾಥೊಲಿಕ್ ಧರ್ಮಪ್ರಾಂತ್ಯ ರೂಪುಗೊಂಡದ್ದು 1988ರಲ್ಲಾದರೂ, ಕೊಂಕಣಿ ಮಾತಾಡುವ ಕ್ರೈಸ್ತ ಮನೆತನಗಳು ಘಟ್ಟ ಹತ್ತಿ ಬಂದು ತೋಟ, ಎಸ್ಟೇಟುಗಳಲ್ಲಿ ನೆಲೆಸಿದ್ದು ಅದಕ್ಕಿಂತ ಬಹಳ ಹಿಂದೆ. ಆದರೂ ಪಾದ್ರಿಗಳು ನಡೆಸುವ ಮಕ್ಕಳ ಮನೆ ಎಂದರೆ ಮೊದಲು ಏಳುವುದು ಮತಾಂತರದ ಗುಸುಗುಸು. ಕಾವಿಯವರ ಆಶ್ರಮವಾದರೆ ಚಪ್ಪಲಿ ಬಿಟ್ಟು ಕೈಮುಗಿದು ಒಳಹೋಗಿ ಏನನ್ನೂ ಕೇಳದೆ ಬರುತ್ತೇವೆ. ಬೇರೆ ಕೆಲವರದ್ದು ಇದರ ತಿರುವುಮುರುವು. ಎರಡರಲ್ಲೂ ಮಗು ಲೆಕ್ಕಕ್ಕಿಲ್ಲ. ತಪಾಸಣಾ ಸಮಿತಿ ನಿಲುವಂಗಿಯ ಬಣ್ಣ ನೋಡದೆ ಮಂಚ, ಶೌಚಾಲಯ, ಹಾಜರಿ ಪುಸ್ತಕ, ದೂರಿನ ಪೆಟ್ಟಿಗೆ ನೋಡಬೇಕು. ಫ್ಲಾನಗನ್ ತಮ್ಮದೇ ನಿಲುವಂಗಿಯವರಿಗೆ ಹೇಳಿದ್ದೂ ಅದನ್ನೇ.

ಬೀದಿಯಲ್ಲೇ ಕೆಲಸ ಮಾಡಿದ ಪಾದ್ರಿಗಳ ಪರಂಪರೆ ಕನ್ನಡ ನಾಡಿಗೂ ಹೊಸದಲ್ಲ. ಇಟಲಿಯ ಟ್ಯೂರಿನ್‌ನಲ್ಲಿ ಸೆರೆಮನೆಯ ಹುಡುಗರನ್ನು ಕಂಡು ಕರಗಿದ ಡಾನ್ ಬಾಸ್ಕೋ, 1850ರ ದಶಕದ ಆರಂಭದಲ್ಲೇ ಬಡ ಹುಡುಗರ ಪರವಾಗಿ ಕಾರ್ಖಾನೆ ಯಜಮಾನರೊಂದಿಗೆ ಲಿಖಿತ ಕರಾರು ಮಾಡಿಸುತ್ತಿದ್ದರು: ಹೊಡೆಯಬಾರದು, ಹಬ್ಬದ ದಿನ ರಜೆ ಕೊಡಬೇಕು, ಕಸುಬು ಕಲಿಸಬೇಕು. ಅವರ ಸಲೇಸಿಯನ್ ಸಭೆಯವರು 1980ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಬೆಂಗಳೂರು ಓಣಿಯವರ ಸೇವಾ ಕೂಟ ಮಕ್ಕಳನ್ನು ಕಟ್ಟಡಕ್ಕೆ ಕರೆಯುವ ಮೊದಲು ತಾನೇ ಬಸ್ ನಿಲ್ದಾಣಕ್ಕೆ, ರೈಲು ನಿಲ್ದಾಣಕ್ಕೆ ಹೋಯಿತು. ಮಲೆನಾಡಿಗೆ ಇದು ಸಂಬಂಧವಿಲ್ಲದ ಸುದ್ದಿಯಲ್ಲ. ಮನೆಯಲ್ಲಿ ಪೆಟ್ಟು ತಿಂದೋ, ಪರೀಕ್ಷೆಯಲ್ಲಿ ನಪಾಸಾಗಿಯೋ ಓಡಿಹೋಗುವ ಹುಡುಗ ತಾಳಗುಪ್ಪದಿಂದಲೋ ಭದ್ರಾವತಿಯಿಂದಲೋ ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ಅಲ್ಲಿ ಅವನನ್ನು ಮೊದಲು ಮಾತಾಡಿಸುವವರು ಯಾರು ಎಂಬುದರ ಮೇಲೆ ಮುಂದಿನದು ನಿಂತಿದೆ. 1098 ಮಕ್ಕಳ ಸಹಾಯವಾಣಿ 2023ರಿಂದ ಸ್ವಯಂಸೇವಾ ಸಂಸ್ಥೆಗಳ ಕೈ ಬಿಟ್ಟು ಸರ್ಕಾರದ ಕೈಗೆ, ತುರ್ತು ಕರೆಯ 112ರ ಜೊತೆಗೆ ಬಂದಿದೆ. ಕರೆ ಎತ್ತುವ ವ್ಯವಸ್ಥೆ ಬಲವಾಗಿರಬಹುದು. ಪ್ಲಾಟ್‌ಫಾರಂನಲ್ಲಿ ಹುಡುಗನ ಪಕ್ಕ ಕೂತು ಅರ್ಧ ಗಂಟೆ ಹರಟುವ ಮನುಷ್ಯ ಇದ್ದಾನೆಯೇ ಎಂಬುದು ನನ್ನ ಅನುಮಾನ.

ಹದಿನೆಂಟು ತುಂಬಿದ ಮಕ್ಕಳ ಗೋಳು ಬೇರೆಯೇ ಒಂದು ಲೇಖನ ಬೇಡುತ್ತದೆ. ಇಲ್ಲಿಷ್ಟು ಸಾಕು: ಸಂಸ್ಥೆ ಬಿಟ್ಟ ಮೇಲೂ ಕೈಹಿಡಿಯುವ ಅನುಪಾಲನೆಯ ನೆರವು 21ರವರೆಗೆ, ಅಗತ್ಯವಿದ್ದರೆ 23ರವರೆಗೆ ಸಿಗಬೇಕೆಂದು ನಿಯಮವಿದೆ, ಸಂಸ್ಥೆ ಬಿಡುವ ಹುಡುಗ ಹುಡುಗಿಯರಿಗೆ ಅದನ್ನು ಯಾರಾದರೂ ಕೂರಿಸಿ ತಿಳಿಸಿ ಹೇಳಬೇಕು.

ಸಾಕು ಕುಟುಂಬದ ವಿಷಯದಲ್ಲಿ 2024ರ ಹೊಸ ಮಾರ್ಗಸೂಚಿ ಬಾಗಿಲನ್ನು ದೊಡ್ಡದು ಮಾಡಿದೆ. ಮೊದಲು ದಂಪತಿಗಳಿಗೆ ಮಾತ್ರ ಅವಕಾಶವಿತ್ತು; ಈಗ 35ರಿಂದ 60ರ ನಡುವಿನ ಅವಿವಾಹಿತರು, ವಿಧವೆ ವಿಧುರರು, ವಿಚ್ಛೇದಿತರೂ ಮಗುವನ್ನು ಮನೆಗೆ ತಂದು ಸಾಕಬಹುದು. ಎರಡು ವರ್ಷ ಸಾಕಿದ ಮೇಲೆ ದತ್ತಕ್ಕೂ ಅರ್ಜಿ ಹಾಕಬಹುದು. ಮುಂಚೆ ಅದಕ್ಕೆ ಐದು ವರ್ಷ ಬೇಕಿತ್ತು. ಮಕ್ಕಳೆಲ್ಲ ಬೆಂಗಳೂರು ಸೇರಿ ನಾಲ್ಕಂಕಣದ ಮನೆಯಲ್ಲಿ ಇಬ್ಬರೇ ಉಳಿದಿರುವ ತೀರ್ಥಹಳ್ಳಿ, ಸಾಗರದ ಕಡೆಯ ಮನೆಗಳನ್ನು ನೆನೆದರೆ ಇದಕ್ಕೆ ಜಾಗವೇನೋ ಇದೆ. ಜಾತಿ ಕೇಳದೆ ಮಗುವನ್ನು ಅಡುಗೆಮನೆಯವರೆಗೆ ಬಿಟ್ಟುಕೊಳ್ಳುವವರು ಎಷ್ಟಿದ್ದಾರೆ ಎಂಬುದು ನಿಜವಾದ ತೊಡಕು, ಅದನ್ನು ಯಾವ ಮಾರ್ಗಸೂಚಿಯೂ ಬಗೆಹರಿಸದು. ತಮ್ಮ ಅಣ್ಣನ ಮಗುವನ್ನೋ ಅಕ್ಕನ ಮಗುವನ್ನೋ ಆಗಲೇ ಸಾಕುತ್ತಿರುವ ಬಡ ಮನೆಗಳಿಗೆ 4,000 ರೂಪಾಯಿ ತಲುಪಿಸುವುದು ಇದಕ್ಕಿಂತ ಎಷ್ಟೋ ಸುಲಭದ ಕೆಲಸ.

ಅದಕ್ಕೆ ಒಂದು ಸಿದ್ಧ ವೇದಿಕೆಯೂ ಇದೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಯಬೇಕು. ಸಾಮಾನ್ಯವಾಗಿ ನವೆಂಬರ್‌ನ ಮಕ್ಕಳ ದಿನಾಚರಣೆಯಿಂದ ಜನವರಿವರೆಗೆ ನಡೆಯುತ್ತದೆ. ನಮ್ಮಲ್ಲಿ ಅಡಿಕೆ ಕೊನೆ ಕೊಯ್ದು ಸುಲಿಯುವ ಕಾಲವೂ ಅದೇ. ಬಯಲುಸೀಮೆಯಿಂದ ಕೂಲಿಗೆ ಬಂದ ಕುಟುಂಬಗಳ ಮಕ್ಕಳು ಶೆಡ್ಡುಗಳಲ್ಲಿ, ಕಾಫಿ ಸೀಮೆಯಾದರೆ ಲೈನು ಮನೆಗಳಲ್ಲಿ ತಮ್ಮಂದಿರನ್ನು ಎತ್ತಿಕೊಂಡು ಕೂತಿರುತ್ತಾರೆ. ಸಭೆಯಲ್ಲಿ ಮಕ್ಕಳಿಂದ ಶಾಲೆಯ ಕಾಂಪೌಂಡು, ಆಟದ ಮೈದಾನ, ಶೌಚಾಲಯದ ನೀರಿನ ಬೇಡಿಕೆ ಬರುತ್ತದೆ, ಬರಲಿ. ಅದರ ಜೊತೆಗೆ ಪಂಚಾಯಿತಿಯ ಮಕ್ಕಳ ರಕ್ಷಣಾ ಸಮಿತಿ, ಅಂಗನವಾಡಿ ಕಾರ್ಯಕರ್ತೆ ಮತ್ತು ಮುಖ್ಯೋಪಾಧ್ಯಾಯರು ಕೂತು ಒಂದು ಪಟ್ಟಿ ಮಾಡಬೇಕು: ಅಜ್ಜಿಯ ಮನೆಯಲ್ಲಿರುವ ಮಕ್ಕಳು ಯಾರು, ಒಬ್ಬಂಟಿ ತಾಯಿಯ ಮಕ್ಕಳು ಯಾರು, ಕಳೆದ ವರ್ಷ ಪಟ್ಟಣದ ಆಶ್ರಮಕ್ಕೆ ಹೋದವರು ಯಾರು, ಈ ಸುಗ್ಗಿಗೆ ಹೊರಗಿನಿಂದ ಬಂದವರು ಯಾರು. ನಾಡಕಚೇರಿಯ ಸಿಬ್ಬಂದಿ ಮತ್ತು ಮಕ್ಕಳ ರಕ್ಷಣಾ ಘಟಕದ ಒಬ್ಬರು ಅದೇ ದಿನ ಪಂಚಾಯಿತಿಗೆ ಬಂದು, ಜಂಟಿ ಪಹಣಿಯ ಮನೆಗಳಿಗೆ ಸ್ಥಳ ತನಿಖೆ ಮಾಡಿ ಆದಾಯ ಪತ್ರ ಬರೆದುಕೊಟ್ಟು, ಅರ್ಜಿಗಳನ್ನು ತಾವೇ ಶಿವಮೊಗ್ಗಕ್ಕೆ ಒಯ್ಯಬೇಕು. ಹುಟ್ಟುಹಬ್ಬದ ದಾನಿಗಳಿಗೂ ಇಲ್ಲಿ ಕೆಲಸವಿದೆ: ಕಾಗದಪತ್ರ ಬಲ್ಲ ಒಬ್ಬರಿಗೆ ವರ್ಷದ ಸಂಬಳ, ಅಜ್ಜಿಯ ಬಸ್ ಚಾರ್ಜು, ಜೆರಾಕ್ಸ್ ಖರ್ಚು.